ಬೇರಿಗೆ ನೀರೆರೆಯದೆ ಫಲ ಬಯಸುವವರು

ಒಂದು ರಾಷ್ಟ್ರವು ವಿಜ್ಞಾನವನ್ನು ಎಷ್ಟು ಗೌರವಿಸುತ್ತದೆ ಎಂಬುದನ್ನು ಅಳೆಯಲು ಅದರ ಬಜೆಟನ್ನು ನೋಡಿದರೆ ಸಾಕು. ನಾಯಕರ ಭಾಷಣಗಳಲ್ಲಿ ಭಾರತವು ಎಂದೋ ವಿಶ್ವಗುರುವಾಗಿ ಬಿಟ್ಟಿದೆ. ಆದರೆ 2020-21ರಲ್ಲಿ ಈ ದೇಶವು ಸಂಶೋಧನೆ ಮತ್ತು ಅಭಿವೃದ್ಧಿಗಾಗಿ ವ್ಯಯಿಸಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ. 0.64 ಮಾತ್ರ. ಚೀನಾ ಶೇ. 2ಕ್ಕಿಂತಲೂ ದಕ್ಷಿಣ ಕೊರಿಯಾ ಶೇ. 4ಕ್ಕಿಂತಲೂ ಹೆಚ್ಚು ವ್ಯಯಿಸುತ್ತಿವೆ. ಈ ಅಲ್ಪ ಮೊತ್ತದಲ್ಲೂ ಉನ್ನತ ಶಿಕ್ಷಣ ವಲಯದ ಪಾಲು ಶೇ. 8.8ರಷ್ಟು. ಅಂದರೆ, ಲಕ್ಷಾಂತರ ಯುವಕ ಯುವತಿಯರು ವಿಜ್ಞಾನ ಕಲಿಯುವ ತಾಣಗಳಿಗೆ ವಿಜ್ಞಾನ ಸೃಷ್ಟಿಸುವ ಹಣ ತಲುಪುವುದೇ ಇಲ್ಲ.

ತಲುಪುವ ಹಣವಾದರೂ ಹೇಗೆ ಹಂಚಿಕೆಯಾಗುತ್ತದೆ? ಕೇಂದ್ರದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಅನುದಾನದಲ್ಲಿ ಸುಮಾರು ಶೇ. 65 ಭಾಗ ಐಐಟಿಗಳಿಗೆ ಹೋಗುತ್ತಿದೆ, ರಾಜ್ಯ ವಿಶ್ವವಿದ್ಯಾಲಯಗಳಿಗೆ ಸಿಗುತ್ತಿರುವುದು ಶೇ. 11 ಎಂದು 2023ರಲ್ಲಿ ಕೇಂದ್ರ ವಿಜ್ಞಾನ ಸಚಿವ ಜಿತೇಂದ್ರ ಸಿಂಗ್ ಅವರೇ ಒಪ್ಪಿಕೊಂಡಿದ್ದರು. ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ. 81ರಷ್ಟು ಮಂದಿ ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳ ಆಶ್ರಯದಲ್ಲಿದ್ದಾರೆ ಎಂದು 2025ರಲ್ಲಿ ನೀತಿ ಆಯೋಗ ಹೇಳಿತು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅನ್ಯಾಯವನ್ನು ವಿವರಿಸಲು ಬೇರೆ ಮಾತು ಬೇಕಿಲ್ಲ.

ಈ ಅಸಮತೋಲನವನ್ನು ಸರಿಪಡಿಸುವ ಭರವಸೆಯೊಂದಿಗೆ 2023ರಲ್ಲಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ ಬಂತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಡಂಗುರ ಸಾರಲಾಯಿತು. ಆದರೆ ಅದರಲ್ಲಿ ಸರಕಾರದ ಪಾಲು 14,000 ಕೋಟಿ. ಉಳಿದ 36,000 ಕೋಟಿ ಉದ್ಯಮಗಳು ಮತ್ತು ದಾನಿಗಳಿಂದ ಬರಬೇಕು. ಉದ್ಯಮಿಯು ಲಾಭ ಕಾಣುವಲ್ಲಿ ಹಣ ಹಾಕುತ್ತಾನೆ. ಅದು ಅವನ ಧರ್ಮ. ಕಲಬುರಗಿಯದೋ ಶಿವಮೊಗ್ಗದ್ದೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಅವನು ಯಾಕೆ ಬರಬೇಕು? ಮತ್ತೊಂದೆಡೆ, 2025ರ ಜುಲೈಯಲ್ಲಿ ಇದೇ ಸರಕಾರವು ಖಾಸಗಿ ವಲಯದ ಸಂಶೋಧನೆಗೆ ದೀರ್ಘಾವಧಿಯ ಅಗ್ಗದ ಸಾಲ ನೀಡಲು ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಖಾಸಗಿಯವರಿಗೆ ಸರಕಾರದ ಹಣ, ವಿಶ್ವವಿದ್ಯಾಲಯಗಳಿಗೆ ಖಾಸಗಿಯವರ ಹಣದ ಆಸೆ! ಇದೆಂಥ ನೀತಿ?

ದೊಡ್ಡ ಸಂಸ್ಥೆಯೊಂದನ್ನು ಕೇಂದ್ರವಾಗಿಟ್ಟು ಹಿಂದುಳಿದ ವಿಶ್ವವಿದ್ಯಾಲಯಗಳನ್ನು ಅದಕ್ಕೆ ಜೋಡಿಸುವ 'ಪೇರ್' ಯೋಜನೆಯನ್ನು ಪ್ರತಿಷ್ಠಾನವು ಆರಂಭಿಸಿದೆ ಎಂಬುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅನುದಾನ ಪಡೆಯಲು ಮೊದಲು ಅರ್ಜಿ ಹಾಕುವವರು ಬೇಕಲ್ಲವೇ? ಸಾಮಾನ್ಯವಾಗಿ ಯೋಜನೆಯ ಮುಖ್ಯ ಸಂಶೋಧಕನಾಗಲು ಖಾಯಂ ಅಧ್ಯಾಪಕನಾಗಿರಬೇಕು. ನಮ್ಮ ವಿಶ್ವವಿದ್ಯಾಲಯಗಳ ಎಷ್ಟೋ ವಿಭಾಗಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಬೆವರಿನಿಂದ. ಖಾಯಂ ಹುದ್ದೆ ತುಂಬದಿದ್ದರೆ ಅರ್ಜಿಯಿಲ್ಲ, ಅರ್ಜಿಯಿಲ್ಲದಿದ್ದರೆ ಅನುದಾನವಿಲ್ಲ, ಅನುದಾನವಿಲ್ಲದಿದ್ದರೆ ಪ್ರಯೋಗಾಲಯವಿಲ್ಲ. ಕೊನೆಗೆ 'ಇಲ್ಲಿ ಗುಣಮಟ್ಟವಿಲ್ಲ' ಎಂಬ ತೀರ್ಪು ಮಾತ್ರ ತಪ್ಪದೆ ಬರುತ್ತದೆ. ಈ ವಿಷವರ್ತುಲದ ಹೊಣೆಯಿಂದ ರಾಜ್ಯ ಸರಕಾರಗಳೂ ತಪ್ಪಿಸಿಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಹಿಂದಿನ ಬಿಜೆಪಿ ಸರಕಾರವು ಸಾಲು ಸಾಲು ಹೊಸ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿತು. 2025ರ ಫೆಬ್ರವರಿಯಲ್ಲಿ ಈಗಿನ ಸರಕಾರದ ಸಂಪುಟ ಉಪಸಮಿತಿಯು ಹಣದ ಕೊರತೆಯನ್ನು ಮುಂದಿಟ್ಟು ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಒಬ್ಬರು ಫಲಕ ತೂಗುಹಾಕಿದರು, ಇನ್ನೊಬ್ಬರು ಅದನ್ನು ಇಳಿಸಲು ಹೊರಟರು. ಪ್ರಯೋಗಾಲಯ ಕಟ್ಟುವ ಯೋಚನೆ ಇಬ್ಬರಿಗೂ ಬರಲಿಲ್ಲ.

'ಪ್ರತಿಭೆ ಇರುವಲ್ಲಿಗೆ ಹಣ ಹೋಗಲಿ' ಎನ್ನುವವರಿದ್ದಾರೆ. ಅವರು ಸ್ವಲ್ಪ ಇತಿಹಾಸವನ್ನು ಓದಬೇಕು. ಸಿ.ವಿ. ರಾಮನ್ 1928ರಲ್ಲಿ ತಮ್ಮ ಮಹಾ ಶೋಧವನ್ನು ಪ್ರಕಟಿಸಿದಾಗ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಐನ್‌ಸ್ಟೀನ್‌ರನ್ನು ಬೆರಗುಗೊಳಿಸಿದ ಪ್ರಬಂಧವನ್ನು ಬರೆದದ್ದು ಢಾಕಾ ವಿಶ್ವವಿದ್ಯಾಲಯದಲ್ಲಿ. ಮೇಘನಾದ ಸಹಾ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಹದಿನೈದು ವರ್ಷ ದುಡಿದರು. ಸ್ವಾತಂತ್ರ್ಯಾನಂತರ ಸಂಶೋಧನೆಯನ್ನು ಪ್ರತ್ಯೇಕ ಸಂಸ್ಥೆಗಳಿಗೆ ಸಾಗಿಸಿ, ವಿಶ್ವವಿದ್ಯಾಲಯಗಳಿಗೆ ಪರೀಕ್ಷೆ ನಡೆಸುವ ಕೆಲಸವನ್ನು ಉಳಿಸಲಾಯಿತು. ಪ್ರತಿಭೆ ಬತ್ತಿದ್ದಲ್ಲ, ಬತ್ತಿಸಿದ್ದು.

ಇನ್ನು ಹಣ ಮಂಜೂರಾದ ನಂತರದ ಕತೆ. 2022ರ ಜುಲೈಯಲ್ಲಿ ಸಂಶೋಧನಾ ಉಪಕರಣಗಳ ಮೇಲಿನ ಜಿಎಸ್‌ಟಿಯನ್ನು ಶೇ. 5ರಿಂದ 18ಕ್ಕೆ ಏರಿಸಲಾಯಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೇ? ಶಿಷ್ಯವೇತನಕ್ಕಾಗಿ ತಿಂಗಳುಗಟ್ಟಲೆ ಕಾಯುವ ಸಂಶೋಧನಾ ವಿದ್ಯಾರ್ಥಿಗಳು ಈ ದೇಶದಲ್ಲಿ ಹೊಸಬರಲ್ಲ. ಯುಜಿಸಿಯ ನೆಟ್ ರಹಿತ ಶಿಷ್ಯವೇತನವಂತೂ ಕೇಂದ್ರೀಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲು.

ಇದರ ಏಟು ಮೊದಲು ಬೀಳುವುದು ಬಡವನ ಬೆನ್ನಿನ ಮೇಲೆ. ಸಾಚಾರ್ ವರದಿಯ ಬಳಿಕ, 2009ರಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ನ್ನು 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಲಾಯಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತದೆ ಎಂಬುದು ಸರಕಾರದ ಸಮಜಾಯಿಷಿ. ಒಬ್ಬ ವಿದ್ಯಾರ್ಥಿಯು ಏಕಕಾಲದಲ್ಲಿ ಎರಡು ಫೆಲೋಶಿಪ್ ಪಡೆಯುವಂತಿಲ್ಲ ಎಂಬ ನಿಯಮ ಇರುವಾಗ ಪುನರಾವರ್ತನೆಯಾಗುವುದು ಹೇಗೆ? 2011ರ ಜನಗಣತಿಯಂತೆ ಜನಸಂಖ್ಯೆಯ ಶೇ. 14.2ರಷ್ಟಿದ್ದ ಮುಸ್ಲಿಮರು 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಶೇ. 5ನ್ನೂ ಮುಟ್ಟಿಲ್ಲ. ಇಂಥ ಸಮುದಾಯದ ಮುಂದಿನ ಮೆಟ್ಟಿಲನ್ನೇ ಕಿತ್ತೊಗೆದು, 'ಮೇಲೆ ಬನ್ನಿ' ಎಂದು ಕರೆಯುವುದು ಕ್ರೂರ ಹಾಸ್ಯ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಸಂಶೋಧನಾ ಅನುದಾನದಲ್ಲಿ ರಾಜ್ಯ ವಿಶ್ವವಿದ್ಯಾಲಯಗಳಿಗೆ ನಿರ್ದಿಷ್ಟ ಪಾಲನ್ನು ಕಾಯ್ದಿರಿಸಬೇಕು. ಖಾಲಿ ಹುದ್ದೆಗಳನ್ನು ಕಾಲಮಿತಿಯೊಳಗೆ ತುಂಬಬೇಕು. ಉಪಕರಣದ ಜೊತೆ ಅದರ ನಿರ್ವಹಣೆಗೂ ತಂತ್ರಜ್ಞನಿಗೂ ಹಣ ಕೊಡಬೇಕು. ಶಿಷ್ಯವೇತನವು ಸಂಬಳದಂತೆ ತಿಂಗಳಿಗೆ ಸರಿಯಾಗಿ ಕೈಸೇರಬೇಕು. ಆಝಾದ್ ಫೆಲೋಶಿಪ್ ಮರಳಬೇಕು.

ಸಮುದಾಯಕ್ಕೂ ಒಂದು ಮಾತು. ಇಬ್ನುಲ್ ಹೈಸಮ್, ಅಲ್ ಖವಾರಿಝ್ಮಿಯರ ಹೆಸರು ಹೇಳಿ ವೇದಿಕೆಗಳಲ್ಲಿ ಹೆಮ್ಮೆಪಡುವ ನಾವು, ಎಂಎಸ್ಸಿ ಮುಗಿಸಿದ ಮಗಳು ಪಿಎಚ್‌ಡಿ ಮಾಡುತ್ತೇನೆಂದಾಗ 'ಇನ್ನೂ ಎಷ್ಟು ಓದುವುದು?' ಎಂದು ಕೇಳುತ್ತೇವಲ್ಲ, ಅದು ಯಾವ ಪರಂಪರೆ? ಬಗ್ದಾದಿನ ಜ್ಞಾನಕೇಂದ್ರವು ಆಳುವವರ ಬೊಕ್ಕಸದಿಂದ ಬೆಳೆಯಿತು, ಕಲಿಯುವವರ ಹಂಬಲದಿಂದ ಬೆಳಗಿತು. ಇವತ್ತಿನ ಬೊಕ್ಕಸ ನಮ್ಮೆಲ್ಲರ ತೆರಿಗೆಯದ್ದು. ಅದರ ಪಾಲನ್ನು ನಮ್ಮ ಊರಿನ ವಿಶ್ವವಿದ್ಯಾಲಯಕ್ಕಾಗಿ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಮತ ಕೇಳಲು ಬರುವವರ ಮುಂದೆ ರಸ್ತೆ, ಚರಂಡಿಯ ಜೊತೆಗೆ ಪ್ರಯೋಗಾಲಯದ ಪ್ರಶ್ನೆಯನ್ನೂ ಇಡಲು ನಾವು ಸಿದ್ಧರಾಗಬೇಕು.