ಕುಲಾಯಿ ಮೊದಲೇ ಹೊಲಿಸಿರಿ

'ಕೂಸು ಹುಟ್ಟೋಕಿಂತ ಮೊದಲ ಕುಲಾಯಿ ಹೊಲಿಸಿದರಂತ' ಎಂದು ನಮ್ಮ ಹಿರಿಯರು ನಗುವುದುಂಟು. ಬೆಳೆ ಕಣಕ್ಕೆ ಬರುವ ಮುಂಚೆಯೇ ರೊಕ್ಕ ಎಣಿಸುವವನಿಗೆ ಈ ಗಾದೆ ಸರಿಯಾಗಿಯೇ ಇದೆ. ಆದರೆ ಇದೇ ಮಾತು ಹಿಡಿದುಕೊಂಡು, ಎಂಟು ತಿಂಗಳು ತುಂಬಿದ ಮಗಳಿಗೆ ಒಂದು ಚೀಲ ಕಟ್ಟಿಡದೆ ಕೂತರೆ ಅದು ಶಾಸ್ತ್ರವಲ್ಲ, ಬೇಜವಾಬ್ದಾರಿ. ಈ ಮಾತನ್ನು ಬೇರೆಯವರಿಗೆ ಬೆರಳು ತೋರಿಸಿ ಹೇಳುತ್ತಿಲ್ಲ. ಆ ತಪ್ಪು ಮಾಡಿದವನು ನಾನೇ.

ನಮ್ಮ ಮಗಳನ್ನು ಹೊಳೆಯಾಚೆ ರಾಯಚೂರು ಕಡೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಕುಬಸ ಮುಗಿಸಿ ಮಕ್ತಲ್‌ಗೆ ಕರೆತಂದೆವು. ಸೀರೆ ಬಂತು, ಹಸಿರು ಬಳೆ ಬಂತು, ಐದು ನಮೂನೆ ಉಂಡಿ ಬಂತು. ಕರ್ನಾಟಕದ ಆಶಾ ಕಾರ್ಯಕರ್ತೆ ಬರೆದುಕೊಟ್ಟ ತಾಯಿ ಕಾರ್ಡ್ ಮಾತ್ರ ಬೀಗರ ಮನೆಯ ಟ್ರಂಕಿನಲ್ಲೇ ಉಳಿಯಿತು. ರಾತ್ರಿ ಎರಡಕ್ಕೆ ನೋವು ಬಂದಾಗ ನಮ್ಮ ಮನೆಯವರು ಕೈಗೆ ಸಿಕ್ಕ ಎರಡು ಸೀರೆ ಬುಟ್ಟಿಗೆ ಹಾಕಿಕೊಂಡು ಜೀಪು ಹತ್ತಿದರು. ಆಸ್ಪತ್ರೆಯಲ್ಲಿ ಸಿಸ್ಟರ್ ಕೇಳಿದ ಮೊದಲ ಮಾತು, 'ಬ್ಲಡ್ ಗ್ರೂಪ್ ಏಮಿಟಿ ಪೆದ್ದಾಯನಾ?' ನನಗೆ ಗೊತ್ತಿರಲಿಲ್ಲ. ಅವಳ ಅವ್ವನಿಗೂ ಗೊತ್ತಿರಲಿಲ್ಲ. ಮಗಳು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಹಿಂದಿನ ದಿನದ ತೊಗರಿ ತೂಕದ ಚೀಟಿ.

ರಕ್ತ ಪರೀಕ್ಷೆ ಮಾಡಿದ ಮೇಲೆ ತಿಳಿಯಿತು, ಅವಳದು ನೆಗೆಟಿವ್ ಗುಂಪು. ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋಗತೊಡಗಿತು, ಎರಡು ಬಾಟಲಿ ತಯಾರಿರಲಿ ಎಂದರು. ಆ ಗುಂಪಿನ ರಕ್ತ ಅಲ್ಲಿರಲಿಲ್ಲ. ಬೆಳಗಿನ ತನಕ ಫೋನು ಹಚ್ಚಿದೆವು. ದೇವರು ದೊಡ್ಡವನು, ತಾಯಿ ಕೂಸು ಇಬ್ಬರೂ ಉಳಿದರು. ಆದರೆ ಅದೇ ಗುಂಪಿನ ನನ್ನ ತಮ್ಮನ ಮಗ ನಾರಾಯಣಪೇಟೆಯಲ್ಲೇ ಮಲಗಿದ್ದ. ಕಾರ್ಡ್ ಕೈಯಲ್ಲಿದ್ದಿದ್ದರೆ ಅವನನ್ನು ಮೊದಲೇ ಕರೆದು ಕೂಡಿಸಬಹುದಿತ್ತು.

ಇದು ನಮ್ಮೊಂದೇ ಮನೆಯ ಮಾತಲ್ಲ. ಗದ್ವಾಲ್, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ವಿಂಗಡಣೆಯಲ್ಲಿ ಗೆರೆ ಬಿತ್ತು, ಬೀಗತನ ಬಿಡಲಿಲ್ಲ. ಈಗಲೂ ಮಕ್ತಲ್, ಕೃಷ್ಣಾ ಕಡೆಯ ಹೆಣ್ಣು ರಾಯಚೂರಿಗೆ ಹೋಗುತ್ತಾಳೆ, ಗುರಮಠಕಲ್, ಯಾದಗಿರಿಯ ಹೆಣ್ಣು ನಾರಾಯಣಪೇಟೆಗೆ ಬರುತ್ತಾಳೆ. ತವರಿನ ಹೆರಿಗೆ ಎಂದರೆ ನಮ್ಮಲ್ಲಿ ಬಹಳ ಸಲ ಇನ್ನೊಂದು ರಾಜ್ಯದ ಹೆರಿಗೆ. ಏಳು ತಿಂಗಳು ಒಂದು ಸರ್ಕಾರದ ತಪಾಸಣೆ, ಕೊನೆಯ ಎರಡು ತಿಂಗಳು ಇನ್ನೊಂದು ಸರ್ಕಾರದ ಕೈಯಲ್ಲಿ. ನಡುವೆ ದಾಟಿ ಬರಬೇಕಾದ್ದು ಆ ಕಾರ್ಡ್ ಒಂದೇ, ಅದನ್ನೇ ನಾವು ಮರೆಯುತ್ತೇವೆ.

ಬಟ್ಟೆಬರೆಯ ವಿಷಯ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಆದರೂ ಅಂದು ಕಲಿತದ್ದಿಷ್ಟು. ಕೂಸಿಗೆ ಗಂಜಿ ಹಾಕಿದ ಹೊಸ ಬಟ್ಟೆ ಬೇಡ. ಹಳೆಯ ನಾರಾಯಣಪೇಟೆ ನೂಲಿನ ಸೀರೆ ಹರಿದು, ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿದ ಆರೆಂಟು ತುಂಡಿಗಿಂತ ಮೆತ್ತಗಿನದು ಯಾವುದೂ ಇಲ್ಲ. ಜೊತೆಗೆ ಎರಡು ಕುಲಾಯಿ, ಕಾಲಚೀಲ, ಒಂದು ದಪ್ಪ ಹೊದಿಕೆ. ತಾಯಿಗೆ ಮುಂದೆ ಗುಂಡಿ ಇರುವ ಎರಡು ನೈಟಿ, ಒಳ ಉಡುಪು, ಪ್ಯಾಡು, ಟವೆಲ್, ಸೋಪು, ಚಪ್ಪಲಿ. ಬಿಸಿನೀರಿಗೆ ಫ್ಲಾಸ್ಕು, ಒಂದು ತಾಟು, ಒಂದು ಲೋಟ. ಜೊತೆಗಿರುವವರಿಗೆ ಜಮಖಾನೆ, ಸೊಳ್ಳೆಪರದೆ, ಫೋನಿನ ಚಾರ್ಜರ್.

ಚೀಲಕ್ಕೆ ಹಾಕಬಾರದ್ದೂ ಇದೆ. ಜೇನುತುಪ್ಪ, ಬಜೆ, ಹಾಲಿನ ಬಾಟಲಿ ಮನೆಯಲ್ಲೇ ಇರಲಿ. ಹುಟ್ಟಿದ ಒಂದು ತಾಸಿನೊಳಗೆ ತಾಯಿಹಾಲು, ಆಮೇಲೆ ಆರು ತಿಂಗಳು ಅದೊಂದೇ ಸಾಕು ಎಂದು ಡಾಕ್ಟರರು ಹೇಳುತ್ತಾರೆ. ಹೊಕ್ಕುಳಿಗೆ ಅರಿಷಿಣ, ಎಣ್ಣೆ ಏನೂ ಹಚ್ಚಬೇಡಿ. ಮೊದಲ ದಿನ ಕೂಸಿಗೆ ಎರೆಯಬೇಡಿ, ಮೈ ತಣ್ಣಗಾಗುತ್ತದೆ. ಮೈಮೇಲಿನ ಬಂಗಾರವೂ ಮನೆಯಲ್ಲೇ ಇರಲಿ.

ಈಗ ಗಂಡಸರ ಪಾಲಿಗೆ ಬರೋಣ. ಮಾರುಕಟ್ಟೆಗೆ ಹೊರಟಾಗ ನಾವು ಆಚೆಯ ಪಹಣಿ, ಈಚೆಯ ಪಟ್ಟಾ ಪಾಸ್‌ಬುಕ್, ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲಾ ಎರಡೆರಡು ಜೆರಾಕ್ಸ್ ಮಾಡಿ ಇಟ್ಟುಕೊಳ್ಳುತ್ತೇವೆ. ತೊಗರಿಗೆ ಮಾಡುವಷ್ಟು ತಯಾರಿ ಮಗಳಿಗೆ ಮಾಡಬಾರದೇನ್ರೀ? ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ರಕ್ತ ಪರೀಕ್ಷೆಯ ಚೀಟಿ, ಗಂಡ ಹೆಂಡತಿ ಇಬ್ಬರ ಆಧಾರ್, ರೇಷನ್ ಕಾರ್ಡ್, ಅವಳ ಹೆಸರಿನ ಪಾಸ್‌ಬುಕ್ಕಿನ ಜೆರಾಕ್ಸ್ ಇರಲಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿ.ಪಿ., ಹೆರಿಗೆಯ ಅಂದಾಜು ತಾರೀಖು, ಇಷ್ಟನ್ನು ಇಂಗ್ಲಿಷ್‌ನಲ್ಲಿ ಒಂದು ಹಾಳೆಯ ಮೇಲೆ ಆಶಾ ಅಥವಾ ಸಿಸ್ಟರ್ ಕೈಯಿಂದ ಬರೆಸಿ ಮೇಲೆಯೇ ಇಡಿ. ಕನ್ನಡ, ತೆಲುಗು ಅಕ್ಷರ ಅಕ್ಕ ತಂಗಿ ಇದ್ದಂಗ, ನಮಗೆ ಎರಡೂ ಬರುತ್ತವೆ. ಆದರೆ ದೂರದ ಜಿಲ್ಲೆಯಿಂದ ಬಂದ ಸಿಸ್ಟರಿಗೆ ನಡುರಾತ್ರಿ ಕನ್ನಡ ಕಾರ್ಡ್ ಓದು ಎಂದರೆ ಹೇಗೆ ಓದಿಯಾಳು? ಗುಂಪು ನೆಗೆಟಿವ್ ಇದ್ದರೆ ಇನ್ನೂ ಜ್ವಾಕಿ. ಕೂಸಿನದು ಪಾಸಿಟಿವ್ ಆದಲ್ಲಿ 72 ತಾಸಿನೊಳಗೆ ತಾಯಿಗೆ ಒಂದು ಚುಚ್ಚುಮದ್ದು ಬೀಳಬೇಕು, ಇಲ್ಲವಾದರೆ ಮುಂದಿನ ಬಸಿರಿಗೆ ತೊಂದರೆ. ರಕ್ತ ಕೊಡುವ ಇಬ್ಬರ ಹೆಸರು, 108 ತಡವಾದರೆ ಬರುವ ಊರ ಗಾಡಿಯವನ ನಂಬರು ಅದೇ ಹಾಳೆಯಲ್ಲಿರಲಿ.

ಜನನ ಪತ್ರದ ಮಾತೂ ಇಲ್ಲೇ ಬರುತ್ತದೆ. 1969ರ ಕಾಯ್ದೆಯಂತೆ ಕೂಸು ಎಲ್ಲಿ ಹುಟ್ಟಿತೋ ಅಲ್ಲೇ, 21 ದಿನದೊಳಗೆ ನೋಂದಣಿ. ರಾಯಚೂರಲ್ಲಿ ಹುಟ್ಟಿದ್ದಕ್ಕೆ ಗದ್ವಾಲ್‌ನಲ್ಲಿ ಪತ್ರ ಸಿಗದು. ತಿದ್ದುಪಡಿಯಾದ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್ ತನಕ ಹುಟ್ಟಿದ ತಾರೀಖು, ಜಾಗಕ್ಕೆ ಈ ಪತ್ರವೇ ಆಧಾರ. ಅವಸರದಲ್ಲಿ ಯಾರೋ ಬಾಯಲ್ಲಿ ಹೇಳಿದ ಹೆಸರು ತಪ್ಪಾಗಿ ಕೂತರೆ ತಿದ್ದಿಸಲು ಹೊಳೆ ದಾಟಿ ಎಷ್ಟು ಸಲ ಓಡಾಡಬೇಕೋ ಲೆಕ್ಕ ಹಾಕಿ. ಆಧಾರ್‌ನಲ್ಲಿ ಇದ್ದಂತೆಯೇ ತಂದೆ ತಾಯಿ ಹೆಸರು ಬರೆದ ಚೀಟಿ ಚೀಲದಲ್ಲಿದ್ದರೆ ಆ ತಾಪತ್ರಯ ಇಲ್ಲ.

ಸರ್ಕಾರದ ಕಿಟ್ಟು ಸಿಗುತ್ತದಲ್ಲ ಎನ್ನುವವರಿದ್ದಾರೆ. ಕರ್ನಾಟಕ 2007ರಲ್ಲಿ ಮಡಿಲು ಕಿಟ್ ತಂದಿತು. ತೆಲಂಗಾಣ 2017ರ ಜೂನ್‌ನಲ್ಲಿ ಕೆಸಿಆರ್ ಕಿಟ್ ತಂದು, ಗಂಡು ಕೂಸಿಗೆ 12,000, ಹೆಣ್ಣು ಕೂಸಿಗೆ 13,000 ರೂಪಾಯಿ ಕಂತಿನಲ್ಲಿ ಕೊಡುವುದಾಗಿ ಹೇಳಿತು. ಒಳ್ಳೆಯ ಕೆಲಸಗಳೇ. ಆದರೆ ಸರ್ಕಾರ ಬದಲಾದಂತೆ ಕಿಟ್ಟಿನ ಹೆಸರೂ ಹಣೆಬರಹವೂ ಬದಲಾಗುತ್ತವೆ, ಮೇಲಾಗಿ ಅದು ಕೈಗೆ ಬರುವುದು ಹೆರಿಗೆ ಆದ ಮೇಲೆ. ಗಡಿಯವರು ನೆನಪಿಡಬೇಕಾದ್ದು 2011ರ ಜೂನ್ 1ರಂದು ಆರಂಭವಾದ ಕೇಂದ್ರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ ಎಲ್ಲಾ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಜೇರಿಯನ್‌ಗೆ 7 ದಿನ ಊಟವೂ ಉಚಿತ. ಇದು ಅಲ್ಲಿಗೆ ಬಂದ ಪ್ರತಿ ಬಸುರಿಯ ಹಕ್ಕು. ಆಚೆಯವರು, ಈಚೆಯವರು ಎಂಬ ಭೇದ ಇದರಲ್ಲಿಲ್ಲ.

ಚೀಲ ಕಟ್ಟಿಟ್ಟರೆ ಎಲ್ಲಾ ಸಲೀಸು ಎಂದು ನಾನು ಹೇಳುವುದಿಲ್ಲ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ಗದ್ವಾಲ್ ಜಿಲ್ಲೆಯ ಬಸುರಿಯೊಬ್ಬಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುತ್ತ ಹೈದರಾಬಾದ್ ಮುಟ್ಟಿದಳು. ಕೂಸೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ತೆಲಂಗಾಣ ಹೈಕೋರ್ಟು ಆ ಸಾವಿನ ವಿಚಾರಣೆ ನಡೆಸಿತು. ಅಂಥ ತಾಯಿಯನ್ನು ಯಾವ ಚೀಲವೂ ಕಾಯಲಾರದು, ಅದು ಸರ್ಕಾರ ಕಾಯಬೇಕಾದ ಜೀವ. ನಾರಾಯಣಪೇಟೆಗೂ ಗದ್ವಾಲ್‌ಗೂ 2024ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ, ರಾಯಚೂರಿನಲ್ಲಿ ಮೊದಲಿನಿಂದಲೂ ರಿಮ್ಸ್ ಇದೆ. ಕಟ್ಟಡ ಬಂದರೆ ಸಾಲದು. ಗಡಿ ಜಿಲ್ಲೆಗಳ ತಾಯಿ ಕಾರ್ಡಿನಲ್ಲಿ ಮುಖ್ಯ ವಿವರದ ಒಂದು ಪುಟ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಇರಲಿ. ತವರಿಗೆ ಹೊರಟ ಬಸುರಿಯ ಹೆಸರನ್ನು ಆಚೆಯ ಆಶಾ ಈಚೆಯ ಆಶಾಗೆ ಫೋನಿನಲ್ಲಿ ತಿಳಿಸುವ ಪದ್ಧತಿ ಬರಲಿ. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ, ನಾಲ್ಕು ಜಿಲ್ಲೆಯ ಅಧಿಕಾರಿಗಳು ಒಂದು ದಿನ ಕೂಡಿ ಕೂತರೆ ಸಾಕು.

ಅಷ್ಟರತನಕ ನಮ್ಮ ಪಾಲಿನದು ನಾವು ಮಾಡೋಣ. ಎಂಟನೇ ತಿಂಗಳು ಬಿದ್ದ ವಾರವೇ ಚೀಲ ಬಾಗಿಲ ಬಳಿಯ ಗೂಟಕ್ಕೆ ತೂಗಲಿ, ಫೈಲು ಅದರೊಳಗಿರಲಿ. ಕುಬಸಕ್ಕೆ ಹೋಗುವ ಬೀಗರು ಉಂಡಿ ಎಷ್ಟು ಎಂದು ಎಣಿಸುವ ಮುಂಚೆ, 'ಕಾರ್ಡ್ ಎಲ್ಲೈತ್ರೀ?' ಎಂದು ಕೇಳಲಿ. ನಮ್ಮ ಎರಡನೇ ಮಗಳಿಗೆ ಈಗ ಏಳು ತುಂಬಿದೆ. ಈ ಸಲ ಕುಲಾಯಿ ಮೊದಲೇ ಹೊಲಿಸಿ ಇಟ್ಟಿದ್ದೇವೆ. ಯಾರು ನಕ್ಕರೂ ನಗಲಿ.