ತಪ್ಪು ಟೇಪಿನದ್ದಲ್ಲ ಸ್ವಾಮೀ!

"ಟೇಪೇ ಹಳೇದು ಸಾರ್, ಇಷ್ಟೇ ಬರೋದು." ಮದುವೆ ಕ್ಯಾಸೆಟ್ಟನ್ನು ಡಿವಿಡಿ ಮಾಡಿಸಿದವರಿಗೆ ಸಿಗೋ ಉತ್ತರ ಇದು. ವಿಜಯನಗರದ ಅಂಗಡಿಯೊಂದರಲ್ಲಿ ನನಗೂ ಸಿಕ್ಕಿತು. ಅಪ್ಪ-ಅಮ್ಮನ ಮದುವೆ, ೧೯೯೪ರದ್ದು. ನಮ್ಮನೆ ವಿಸಿಆರ್‌ನಲ್ಲಿ ಟೇಪು ಚೆನ್ನಾಗೇ ಓಡುತ್ತೆ! ಡಿವಿಡಿಯಲ್ಲಿ ಮಾತ್ರ ಧಾರೆ ಎರೆಯೋ ಅಜ್ಜನ ಕೈ ತಡೆದು ತಡೆದು ಚಲಿಸುತ್ತೆ, ಮುಖದ ತುಂಬ ಚೌಕಳಿ.

ಕಂಪ್ಯೂಟರಿಗೆ ಹಾಕಿ ನೋಡಿದೆ. ೭೨೦×೪೮೦, ಸೆಕೆಂಡಿಗೆ ೨೯.೯೭ ಫ್ರೇಮು. ಅದು ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಕಣ್ರೀ! ನಮ್ಮದು ಪಾಲ್: ೭೨೦×೫೭೬, ೨೫ ಫ್ರೇಮು. ಇಲ್ಲದ ಐದು ಫ್ರೇಮನ್ನು ತಂತ್ರಾಂಶ ಪಾಪ ಎಲ್ಲಿಂದ ತರಬೇಕು? ಇದ್ದದ್ದನ್ನೇ ಎರಡೆರಡು ಸಲ ತೋರಿಸುತ್ತೆ, ಚಿತ್ರ ಮುಗ್ಗರಿಸುತ್ತೆ. ಸಾಲದ್ದಕ್ಕೆ ಮೂರು ಗಂಟೆಯದನ್ನು ೪.೭ ಜಿಬಿಯ ಒಂದೇ ಡಿಸ್ಕಿಗೆ ತುರುಕಿದ್ದಾರೆ. ಸೆಕೆಂಡಿಗೆ ೩.೫ ಮೆಗಾಬಿಟ್ಟೂ ದಕ್ಕಲ್ಲ. ಡಿವಿಡಿ ವೀಡಿಯೋ ೯.೮ರವರೆಗೆ ತಾಳುತ್ತೆ. ಎರಡು ಡಿಸ್ಕ್ ಮಾಡಿದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು?

ಎಫ್‌ಎಫ್‌ಎಂಪೆಗ್ ಪುಕ್ಕಟೆ ಸಿಗುತ್ತೆ. ಟೇಪಿಂದ ಇಳಿಸಿಕೊಂಡ ಫೈಲಿಗೆ 'ಟಾರ್ಗೆಟ್ ಪಾಲ್-ಡಿವಿಡಿ' ಅಂತ ಕೊಟ್ಟರೆ ಅಳತೆ, ಫ್ರೇಮು ಎರಡನ್ನೂ ಅದೇ ಸರಿಯಾಗಿ ಹಿಡಿಯುತ್ತೆ. ಅಷ್ಟೂ ಮಾಡದೆ "ಇನ್ನು ಟೇಪು ಎಸೆದ್ಬಿಡಿ ಸಾರ್" ಅನ್ನೋ ಉಪದೇಶ ಬೇರೆ! ದಯವಿಟ್ಟು ಎಸೀಬೇಡಿ. ಓಡೋ ವಿಸಿಆರ್ ಇದ್ದರೆ ಅದನ್ನೂ ಗುಜರಿಗೆ ಹಾಕಬೇಡಿ. ಜಪಾನಿನ ಫುನಾಯ್ ಕಂಪನಿ ಕೂಡ ೨೦೧೬ರಲ್ಲೇ ಅದರ ತಯಾರಿಕೆ ನಿಲ್ಲಿಸಿತು.