ಮನೆ ಬಿಡಿಸುವಾಗ ಇರುವ ಒಗ್ಗಟ್ಟು ಮನೆ ಕೊಡುವಾಗ ಎಲ್ಲಿ?

ಸರಕಾರದ ಇಲಾಖೆಗಳು ಒಂದರ ಮಾತನ್ನು ಇನ್ನೊಂದು ಕೇಳುವುದಿಲ್ಲ ಎಂದು ದೆಹಲಿಯಲ್ಲಿ ಎಲ್ಲರೂ ಹೇಳುತ್ತಾರೆ. ಇಪ್ಪತ್ತು ವರ್ಷ ಕಡತಗಳ ಮಧ್ಯೆ ಗುಮಾಸ್ತಗಿರಿ ಮಾಡಿದ ನಾನು ಇದನ್ನು ಒಪ್ಪುವುದಿಲ್ಲ. ಇಲಾಖೆಗಳು ಒಂದರ ಮಾತನ್ನು ಇನ್ನೊಂದು ಬಹಳ ಚೆನ್ನಾಗಿ ಕೇಳುತ್ತವೆ. ಆದರೆ ಯಾವ ವಿಷಯಕ್ಕೆ ಕೇಳುತ್ತವೆ, ಯಾವ ವಿಷಯಕ್ಕೆ ಕಿವುಡಾಗುತ್ತವೆ ಎಂಬುದನ್ನು ನಾವು ವಿಚಾರಿಸಬೇಕು.

ಸರಕಾರಿ ಕ್ವಾರ್ಟರ್ಸ್‌ನಲ್ಲಿರುವ ನೌಕರನೊಬ್ಬ ನಿವೃತ್ತನಾಗುವ ಹೊತ್ತಿಗೆ ಏನಾಗುತ್ತದೆ ನೋಡಿ. 2021ರ ಪಿಂಚಣಿ ನಿಯಮಗಳ ಪ್ರಕಾರ, ಕನಿಷ್ಠ ಒಂದು ವರ್ಷ ಮೊದಲೇ ಅವನ ಕಚೇರಿಯ ಮುಖ್ಯಸ್ಥರು ಎಸ್ಟೇಟ್ ನಿರ್ದೇಶನಾಲಯಕ್ಕೆ ಬರೆಯಬೇಕು: ಈತನಿಂದ ಲೈಸೆನ್ಸ್ ಶುಲ್ಕದ ಬಾಕಿ ಏನಾದರೂ ಇದೆಯೆ ಎಂದು. ಬಾಕಿ ಇಲ್ಲವೆಂಬ ಪತ್ರ ಬಾರದಿದ್ದರೆ ಗ್ರಾಚ್ಯುಯಿಟಿಯ ಒಂದು ಭಾಗವನ್ನು ತಡೆಹಿಡಿಯುವುದಕ್ಕೂ ಅವಕಾಶವಿದೆ. ನೌಕರನ ಕಚೇರಿ, ಲೆಕ್ಕಪತ್ರ ಕಚೇರಿ, ಎಸ್ಟೇಟ್ ನಿರ್ದೇಶನಾಲಯ, ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಕೆಲಸ ಮಾಡುತ್ತವೆ.

ನಿವೃತ್ತಿಯ ನಂತರವೂ ಈ ಸಹಕಾರ ನಿಲ್ಲುವುದಿಲ್ಲ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರ ತಾನು ಬದುಕಿದ್ದೇನೆ ಎಂದು ರುಜುವಾತು ಮಾಡಬೇಕು. ಅದಕ್ಕಾಗಿ 2014ರ ನವೆಂಬರಿನಲ್ಲಿ 'ಜೀವನ್ ಪ್ರಮಾಣ್' ಬಂತು. ಆಧಾರ್, ಬ್ಯಾಂಕು, ಪಿಂಚಣಿ ಇಲಾಖೆ ಕೈಜೋಡಿಸಿದವು. 2020ರಿಂದ ಅಂಚೆಯವರು ಮನೆ ಬಾಗಿಲಿಗೇ ಬಂದು ಬೆರಳಚ್ಚು ಪಡೆಯುತ್ತಾರೆ. ಒಳ್ಳೆಯ ಕೆಲಸ, ಮೆಚ್ಚಲೇಬೇಕು. ಮುದುಕ ಬದುಕಿದ್ದಾನೆಯೆ ಎಂದು ತಿಳಿಯಲು ಇಷ್ಟು ಇಲಾಖೆಗಳು ಒಂದಾದವು. ಅವನು ಎಲ್ಲಿ ಬದುಕುತ್ತಾನೆ ಎಂದು ಕೇಳಲು ಮಾತ್ರ ಒಂದೂ ಇಲ್ಲ!

ಕೇಳಬೇಕಾದ ಪ್ರಶ್ನೆ ಅದೇ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಲು ಆರು ತಿಂಗಳ ಅವಧಿ ಇದೆ. ಹಳೆಯ ಪದ್ಧತಿಯ ಪಿಂಚಣಿಯೆಂದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆಯಂತೂ ಪಿಂಚಣಿದಾರನಿಗಿಲ್ಲ. ಅಂದರೆ ಸಂಬಳ ಅರ್ಧವಾದ ಹೊತ್ತಿನಲ್ಲೇ ಸೂರು ಹೋಗುತ್ತದೆ, ಬಾಡಿಗೆ ತಲೆಯ ಮೇಲೆ ಬೀಳುತ್ತದೆ. ಅರವತ್ತು ದಾಟಿದ ದಂಪತಿಗಳಿಗೆ ಮೂರನೆಯ ಮಹಡಿಯ ಲಿಫ್ಟಿಲ್ಲದ ಮನೆಯೇ ಗತಿ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಮತ್ತೆ ಗಂಟುಮೂಟೆ. ರಾಮಕೃಷ್ಣಪುರದಲ್ಲೋ ಲೋದಿ ಕಾಲೊನಿಯಲ್ಲೋ ಬಾಳಿದ ಎಷ್ಟು ಕನ್ನಡ ಸಂಸಾರಗಳು ಹೀಗೆ ಯಮುನೆಯ ಆಚೆಗೂ ಗುಡಗಾಂವಿನ ಹೊರಗೂ ಚದುರಿಹೋದವು ಎಂಬುದು ನಮ್ಮ ಓದುಗರಿಗೆ ಹೇಳಬೇಕಾದ ಸಂಗತಿಯಲ್ಲ.

ಹಾಗಾದರೆ ಸರಕಾರ ಹಿರಿಯರ ವಸತಿಯ ಬಗ್ಗೆ ಯೋಚಿಸಿಯೇ ಇಲ್ಲವೆ? ಯೋಚಿಸಿದೆ. ಕಾಗದ ಬೇಕಾದಷ್ಟಿದೆ. ವೃದ್ಧರ ಬಗೆಗಿನ 1999ರ ರಾಷ್ಟ್ರೀಯ ನೀತಿಯು ಕಡಮೆ ವರಮಾನದವರ ವಸತಿ ಯೋಜನೆಗಳಲ್ಲಿ ನೂರಕ್ಕೆ ಹತ್ತರಷ್ಟು ಮನೆ ಅಥವಾ ನಿವೇಶನಗಳನ್ನು ವೃದ್ಧರಿಗೆ ಮೀಸಲಿಡಬೇಕೆಂದಿತು. 2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 19ನೆಯ ಕಲಮು ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಮಂದಿಗೆ ಸ್ಥಳವಿರುವ ವೃದ್ಧಾಶ್ರಮದ ಮಾತನ್ನಾಡಿತು. ಆದರೆ ರಾಜ್ಯ ಸರಕಾರ ಸ್ಥಾಪಿಸ'ಬಹುದು' ಎಂದಿತೇ ಹೊರತು ಸ್ಥಾಪಿಸ'ತಕ್ಕದ್ದು' ಎನ್ನಲಿಲ್ಲ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಈ ಎರಡು ಪದಗಳ ನಡುವಿನ ಅಂತರ ಗೊತ್ತು. 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕವನ್ನು ಕೇಂದ್ರ ಸರಕಾರ ತರಿಸಿಕೊಳ್ಳಬೇಕೆಂದು ಹೇಳಬೇಕಾಯಿತು. ಕಾಯಿದೆಯಾಗಿ ಹನ್ನೊಂದು ವರ್ಷಗಳ ಮೇಲೆ!

2019ರಲ್ಲಿ ವಸತಿ ಸಚಿವಾಲಯ ನಿವೃತ್ತರ ವಸತಿಗೃಹಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಜಾರದ ನೆಲ, ಗಾಲಿಕುರ್ಚಿಗೆ ಇಳಿಜಾರು, ಲಿಫ್ಟು, ಎಲ್ಲವೂ ಅದರಲ್ಲಿವೆ. ಆದರೆ ಅದು ಮುಖ್ಯವಾಗಿ ಖಾಸಗಿಯವರು ಕಟ್ಟಿ ಮಾರುವ ಮನೆಗಳ ಮಾತು. 2007ರ ಕಾಯಿದೆಯ ವೃದ್ಧಾಶ್ರಮ ನಿರ್ಗತಿಕರಿಗೆ, 2019ರ ಮಾರ್ಗಸೂಚಿಯ ಮನೆ ಹಣವಂತರಿಗೆ. ನಡುವೆ ನಿಂತ ಗುಮಾಸ್ತ, ಮೇಷ್ಟ್ರು, ನರ್ಸು, ಜೀವಮಾನವೆಲ್ಲ ಒಲೆಯ ಮುಂದೆ ಬೆವರು ಸುರಿಸಿದ ನಮ್ಮ ಹೋಟೆಲಿನ ಅಡಿಗೆಯವರು, ಇವರು ಯಾವ ಕಡತಕ್ಕೆ ಸೇರಿದವರು? 1990ರಲ್ಲಿ ಹುಟ್ಟಿದ ಕೇಂದ್ರ ನೌಕರರ ಕಲ್ಯಾಣ ವಸತಿ ಸಂಸ್ಥೆ ನೋಯ್ಡಾ, ಗುಡಗಾಂವ್, ಬೆಂಗಳೂರುಗಳಲ್ಲಿ ಕೇಂದ್ರೀಯ ವಿಹಾರಗಳನ್ನು ಕಟ್ಟಿತು, ಅನೇಕರಿಗೆ ಉಪಕಾರವಾಯಿತು. ಅದೂ ಕೊಳ್ಳುವ ಶಕ್ತಿ ಇದ್ದವರಿಗೇ.

ಈ ಕಾಗದಗಳು ಏಕೆ ಮನೆಯಾಗಲಿಲ್ಲ? ವೃದ್ಧರು ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಸೇರಿದವರು, ಮನೆ ವಸತಿ ಸಚಿವಾಲಯಕ್ಕೆ, ಔಷಧಿ ಆರೋಗ್ಯ ಸಚಿವಾಲಯಕ್ಕೆ, ಪಿಂಚಣಿ ಇನ್ನೊಂದು ಇಲಾಖೆಗೆ. ವಸತಿ ಮತ್ತು ಆರೋಗ್ಯ ಸಚಿವಾಲಯಗಳು ದಶಕಗಳ ಕಾಲ ನಿರ್ಮಾಣ ಭವನವೆಂಬ ಒಂದೇ ಕಟ್ಟಡದಲ್ಲಿದ್ದವು. ಆದರೂ ಹಿರಿಯರ ಮನೆ ಮತ್ತು ಹಿರಿಯರ ಔಷಧಾಲಯ ಒಂದೇ ನಕ್ಷೆಯ ಮೇಲೆ ಬರಲಿಲ್ಲ. ಹಿರಿಯ ನಾಗರಿಕರ ರಾಷ್ಟ್ರೀಯ ಪರಿಷತ್ತು ಎಂಬುದೊಂದು ಇದೆಯಲ್ಲ ಎನ್ನಬಹುದು. ಬಿ.ಎಸ್ಸಿ. ಓದುವಾಗ ಕಲಿತದ್ದು ನೆನಪಾಗುತ್ತದೆ: ಕಬ್ಬಿಣದ ಪುಡಿ ಮತ್ತು ಗಂಧಕವನ್ನು ಒಂದು ತಟ್ಟೆಯಲ್ಲಿ ಕಲಸಿಟ್ಟರೆ ಅದು ಬರಿಯ ಮಿಶ್ರಣ, ಅಯಸ್ಕಾಂತ ಹಿಡಿದರೆ ಕಬ್ಬಿಣ ಬೇರೆಯಾಗಿ ಬರುತ್ತದೆ. ಕಾಯಿಸಿದರೆ ಮಾತ್ರ ಹೊಸ ವಸ್ತು. ಒಂದು ಮೇಜಿನ ಸುತ್ತ ಕುಳಿತು ಚಹಾ ಕುಡಿದು ಏಳುವ ಸಮಿತಿ ಮಿಶ್ರಣ. ಅದಕ್ಕೆ ಹಣ ಮತ್ತು ಹೊಣೆ ಎಂಬ ಶಾಖ ಬೇಕು.

ದೆಹಲಿಯಲ್ಲಿ ಮನೆಗಳ ಕೊರತೆ ಎನ್ನುವವರು ನರೇಲಾಕ್ಕೆ ಹೋಗಿ ನೋಡಲಿ. ಡಿ.ಡಿ.ಎ. ಅಲ್ಲಿ ಸಾವಿರಾರು ಮನೆ ಕಟ್ಟಿ, ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಬೀಗ ಹಾಕಿಟ್ಟಿತು. ಅಲ್ಲಿಗೆ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2024ರ ಡಿಸೆಂಬರಿನಲ್ಲಿ. ಮನೆ ಮೊದಲು, ದಾರಿ ಆಮೇಲೆ! ಇನ್ನು ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮೊದಲಾದ ಏಳು ಕಾಲೊನಿಗಳ ಸಂಗತಿ. 2016ರಲ್ಲಿ ಸಂಪುಟ ಒಪ್ಪಿದ ಯೋಜನೆಯಂತೆ ಅಲ್ಲಿನ 12,970 ಹಳೆಯ ಮನೆಗಳ ಬದಲಿಗೆ ಸುಮಾರು 25,667 ಹೊಸ ಮನೆಗಳು, ವೆಚ್ಚ 32,835 ಕೋಟಿ ರೂಪಾಯಿ. ಮನೆಗಳ ಸಂಖ್ಯೆ ಇಮ್ಮಡಿಯಾಗುವಾಗ ನೂರಕ್ಕೆ ಐದನ್ನು ನಿವೃತ್ತರಿಗೆಂದು ತೆಗೆದಿಡಿ ಎಂದು ಕೇಳಿದ್ದರೆ ಅದು ದೊಡ್ಡ ಬೇಡಿಕೆಯಾಗುತ್ತಿತ್ತೆ?

ಹೊರಗಿನ ಒಂದು ಉದಾಹರಣೆ ನೋಡೋಣ. ಸಿಂಗಪುರದಲ್ಲಿ ವಸತಿಯ ಹೊಣೆ ಹೊತ್ತ ಸಚಿವಾಲಯ, ಆರೋಗ್ಯ ಸಚಿವಾಲಯ ಮತ್ತು ವಸತಿ ಮಂಡಳಿ ಮೂರೂ ಸೇರಿ 2021ರ ಫೆಬ್ರವರಿಯಲ್ಲಿ ಬುಕಿತ್ ಬಾತೋಕ್ ಎಂಬಲ್ಲಿ 65 ದಾಟಿದವರಿಗಾಗಿ ಮನೆಗಳನ್ನು ಪ್ರಕಟಿಸಿದವು. ಮನೆಯನ್ನು ತಲೆತಲಾಂತರಕ್ಕೆ ಕೊಳ್ಳಬೇಕಿಲ್ಲ. ವಯಸ್ಸಿಗೆ ತಕ್ಕಂತೆ 15ರಿಂದ 35 ವರ್ಷಗಳ ಗುತ್ತಿಗೆ ಸಾಕು. ಬಚ್ಚಲಲ್ಲಿ ಹಿಡಿಕೆ, ಹಗಲಿರುಳು ತುರ್ತು ಕರೆಗೆ ಓಗೊಡುವ ವ್ಯವಸ್ಥೆ, ಎಲ್ಲ ಮನೆಯ ಜೊತೆಗೇ. ಅದು ಚಿಕ್ಕ ದೇಶ, ಶ್ರೀಮಂತ ದೇಶ ಎನ್ನುವಿರಿ. ನಿಜ. ಆದರೆ ದೆಹಲಿಗಿರುವ ಅನುಕೂಲ ನೋಡಿ. ಇಲ್ಲಿ ಭೂಮಿ ಕೇಂದ್ರದ ಕೈಯಲ್ಲಿದೆ. ಡಿ.ಡಿ.ಎ. ಮತ್ತು ಎಸ್ಟೇಟ್ ನಿರ್ದೇಶನಾಲಯ ಒಂದೇ ಸಚಿವಾಲಯದ ಕೆಳಗಿವೆ. ಸಿ.ಜಿ.ಎಚ್.ಎಸ್. 1954ರಲ್ಲಿ ಈ ಊರಿನಲ್ಲೇ ಹುಟ್ಟಿದ್ದು. ಯಮುನೆ ದಾಟಿದರೆ ಉತ್ತರ ಪ್ರದೇಶ, ಪಶ್ಚಿಮಕ್ಕೆ ಹೋದರೆ ಹರಿಯಾಣ ಎಂಬ ತೊಡಕಿಗೂ 1985ರಲ್ಲೇ ರಾಜಧಾನಿ ವಲಯ ಯೋಜನಾ ಮಂಡಳಿ ಬಂದಿದೆ. ಅಕ್ಕಿ, ಬೇಳೆ, ಒಲೆ, ಸೌದೆ ಎಲ್ಲ ಒಂದೇ ಮನೆಯಲ್ಲಿದ್ದೂ ಅತಿಥಿ ಹಸಿದು ಕುಳಿತಂತಾಯಿತು.

ಮಕ್ಕಳು ನೋಡಿಕೊಳ್ಳಲಿ ಎಂಬ ವಾದವೂ ಇದೆ. ನೋಡಿಕೊಳ್ಳುವ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಮಕ್ಕಳಿಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಎರಡು ಕೋಣೆಯ ಮನೆಯಲ್ಲಿ ಮಗ ಸೊಸೆಗೆ ಭಾರವಾಗಲು ಮನಸ್ಸೊಪ್ಪದವರು? ಊರಿಗೆ ಹೋಗಲಿ ಎಂದು ಮತ್ತೆ ಕೆಲವರು. ಮೂವತ್ತೈದು ವರ್ಷ ದೆಹಲಿಯ ಚಳಿ ಬಿಸಿಲು ಉಂಡವನಿಗೆ ಊರಿನ ಮನೆ ಎಂದೋ ಪಾಲಾಗಿರುತ್ತದೆ. ಬೆಂಗಳೂರಿನ ಬಾಡಿಗೆ ದೆಹಲಿಯ ಬಾಡಿಗೆಗೆ ಅಣ್ಣನೇ. ಅವನ ಡಾಕ್ಟರು, ಗೆಳೆಯರು, ಭಜನೆ, ಸಂಘ ಎಲ್ಲ ಇಲ್ಲಿ. ಕೆಲಸವಿರುವ ತನಕ ದೆಹಲಿಯವನು, ಕೆಲಸ ಮುಗಿದೊಡನೆ ಪರಊರಿನವನು ಎಂಬುದು ಯಾವ ನ್ಯಾಯ?

ನಾವು ಕೇಳುವುದು ದಾನವಲ್ಲ, ಮೂರು ಮಾತು ಮಾತ್ರ. ಒಂದು: ನಿವೃತ್ತಿಗೆ ಒಂದು ವರ್ಷ ಮೊದಲು ಬಾಕಿ ವಿಚಾರಿಸಿ ಹೋಗುವ ಆ ಪತ್ರದಲ್ಲೇ ಇನ್ನೊಂದು ಅಂಕಣ ಸೇರಿಸಿ, 'ನಿವೃತ್ತಿಯ ನಂತರ ಎಲ್ಲಿ ವಾಸ?' ಎಂದು ಕೇಳಲಿ. ಉತ್ತರಗಳನ್ನು ಒಟ್ಟು ಮಾಡಿದರೆ ಬೇಕಾದ ಮನೆಗಳ ಲೆಕ್ಕ ತಾನಾಗಿ ಸಿಗುತ್ತದೆ. ಎರಡು: ಮಾರಾಟವಾಗದೆ ಉಳಿದ ಸರಕಾರಿ ಮನೆಗಳನ್ನು, ನೆಲ ಅಂತಸ್ತು ಮತ್ತು ಲಿಫ್ಟು ಇರುವುದನ್ನು ಆಯ್ದು, ಗಂಡ ಹೆಂಡಿರ ಜೀವಿತಾವಧಿಯ ತನಕ, ಪಿಂಚಣಿಗೆ ಎಟುಕುವ ಬಾಡಿಗೆಗೆ ಕೊಡಲಿ, ಪಿಂಚಣಿಯಿಲ್ಲದ ಹಿರಿಯರಿಗೂ ಅದರಲ್ಲಿ ಪಾಲಿರಲಿ. ಔಷಧಾಲಯ ಮತ್ತು ಬಸ್ಸು ಬಂದ ಮೇಲೆ ಬೀಗದಕೈ ಕೊಡಲಿ. ಮೂರು: ಇದಕ್ಕೆಲ್ಲ ಒಬ್ಬ ಅಧಿಕಾರಿ ಹೊಣೆಯಾಗಿರಲಿ. 'ಇದು ನಮ್ಮ ಇಲಾಖೆಯದಲ್ಲ' ಎಂದು ಹೇಳಲು ಅವನಿಗೆ ಅಧಿಕಾರವಿಲ್ಲದಿರಲಿ.

ನಮ್ಮ ಸಂಘವೂ ಸುಮ್ಮನಿರಬಾರದು. ಯುಗಾದಿ, ರಾಜ್ಯೋತ್ಸವಗಳಿಗೆ ಸದಸ್ಯರ ಪಟ್ಟಿ ತಯಾರಿಸುವ ನಾವು, ಐದು ವರ್ಷದೊಳಗೆ ನಿವೃತ್ತರಾಗುವವರ ಮತ್ತು ಈಗಾಗಲೇ ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನೂ ಮಾಡೋಣ. ತಮಿಳರು, ಬಂಗಾಳಿಗಳು, ಮಲಯಾಳಿಗಳು, ಎಲ್ಲರ ಸಂಘಗಳೂ ಈ ಊರಲ್ಲಿವೆ. ಅವರ ಹಿರಿಯರ ಕಷ್ಟವೂ ಇದೇ. ಎಲ್ಲರೂ ಸಹಿ ಹಾಕಿದ ಒಂದೇ ಮನವಿ ವಸತಿ, ಆರೋಗ್ಯ, ಸಾಮಾಜಿಕ ನ್ಯಾಯ, ಪಿಂಚಣಿ, ನಾಲ್ಕೂ ಕಡೆ ಒಂದೇ ದಿನ ಮುಟ್ಟಲಿ. ಇಲಾಖೆಗಳು ಒಂದಾಗಲಿ ಎನ್ನುವ ನಾವು ಮೊದಲು ಒಂದಾಗಿ ತೋರಿಸೋಣ. ಪಟ್ಟಿಗೆ ಹೆಸರು ಕೊಡುವವರು ಬರುವ ತಿಂಗಳ ಸಭೆಯೊಳಗೆ ಕೊಡಬೇಕೆಂದು ಪ್ರಾರ್ಥನೆ.